ಮಾರ್ಚ್ ತಿಂಗಳ ಆ ಟೂರ್ನಿಯನ್ನು ಯಾರು ಬೇಕಾದರೂ ಗೆಲ್ಲಬಹುದೇ?

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ಮಾರ್ಚ್‌ನಲ್ಲಿ ಅವನ ಕಚೇರಿಯವರೆಲ್ಲ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಫಲಿತಾಂಶಗಳನ್ನು ಊಹಿಸಿ ಬ್ರಾಕೆಟ್, ಅಂದರೆ ಎಲ್ಲ ಪಂದ್ಯಗಳ ವಿಜೇತರನ್ನು ಮೊದಲೇ ಬರೆದಿಡುವ ಪಟ್ಟಿ, ತುಂಬುತ್ತಾರೆ. ಈಗ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಈ ಟೂರ್ನಿಯನ್ನು ಯಾವ ಸಣ್ಣ ತಂಡವಾದರೂ ಗೆಲ್ಲಬಹುದು ಎಂದು ಅವರು ಹೇಳುತ್ತಾರೆ. ಆದರೆ ಯುಸಿಎಲ್‌ಎ ಎಂಬ ಒಂದೇ ತಂಡ 12 ವರ್ಷಗಳಲ್ಲಿ 10 ಸಲ ಗೆದ್ದಿತ್ತೆಂದು ಓದಿದ್ದೇನೆ. ಎರಡೂ ಹೇಗೆ ನಿಜವಾಗುತ್ತವೆ? ಆ ದಾಖಲೆಯನ್ನು ಇನ್ನು ಯಾರಾದರೂ ಮುರಿಯಬಲ್ಲರೇ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಎನ್‌ಸಿಎಎ ಎಂಬ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ನಡೆಸುವ ಈ ಪುರುಷರ ಟೂರ್ನಿಯ ಯಾವುದೇ ಅಂಕಿಅಂಶವನ್ನು ಓದುವ ಮೊದಲು, ಆ ವರ್ಷ ಎಷ್ಟು ತಂಡಗಳು ಆಡಿದವು ಮತ್ತು ಯಾವ ನಿಯಮದಡಿ ಆಯ್ಕೆಯಾದವು ಎಂದು ಕೇಳಿಕೊಳ್ಳಬೇಕು. ಸೋತವರು ಮನೆಗೆ ಹೋಗುವ ನಾಕೌಟ್ ಮಾದರಿ 1939ರಿಂದ ಬದಲಾಗಿಲ್ಲ, ಆದರೆ ಉಳಿದದ್ದೆಲ್ಲ ಬದಲಾಗಿದೆ. ಹಳೆಯ ಕಾಲದ ದಾಖಲೆಗಳೂ ಇಂದಿನ ದಾಖಲೆಗಳೂ ಒಂದೇ ಪಟ್ಟಿಯಲ್ಲಿ ಅಚ್ಚಾಗುವುದರಿಂದಲೇ ನಿಮಗೆ ಎದುರಾದಂಥ ಗೊಂದಲ ಹುಟ್ಟುತ್ತದೆ. ಕೆಳಗಿನ ಲೆಕ್ಕಗಳೆಲ್ಲ 2025ರ ಟೂರ್ನಿಯವರೆಗಿನವು.

ಮೊದಲ ಟೂರ್ನಿಯಲ್ಲಿ ಆಡಿದ್ದು ಕೇವಲ ಎಂಟು ತಂಡಗಳು. ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ 1939ರ ಮಾರ್ಚ್ 27ರಂದು ನಡೆದ ಫೈನಲ್‌ನಲ್ಲಿ ಒರೆಗಾನ್ ತಂಡ ಓಹಾಯೋ ಸ್ಟೇಟ್ ತಂಡವನ್ನು 46–33ರಿಂದ ಸೋಲಿಸಿತು. ಕೈತಪ್ಪಿದ ಚೆಂಡನ್ನು ಹಿಡಿಯಲು ಅಂಕಣದಾಚೆಗೆ ನುಗ್ಗಿದ ಒರೆಗಾನ್ ನಾಯಕ ಬಾಬಿ ಆ್ಯನೆಟ್ ಪಕ್ಕದ ಮೇಜಿನ ಮೇಲೆ ಬಿದ್ದು, ಅಲ್ಲಿಟ್ಟಿದ್ದ ಟ್ರೋಫಿಯನ್ನೇ ಮುರಿದುಬಿಟ್ಟರು. ಆ ವರ್ಷದ ಟೂರ್ನಿಯನ್ನು ನಡೆಸಿದ ತರಬೇತುದಾರರ ಸಂಘಕ್ಕೆ ಸುಮಾರು 2,500 ಡಾಲರ್ ನಷ್ಟವಾಯಿತು, ಮುಂದಿನ ಜವಾಬ್ದಾರಿಯನ್ನು ಎನ್‌ಸಿಎಎ ವಹಿಸಿಕೊಂಡಿತು. ಅಂದಿಗೆ ಇದಕ್ಕಿಂತ ಪ್ರತಿಷ್ಠೆಯ ಟೂರ್ನಿಯೆಂದರೆ 1938ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರಂಭವಾಗಿದ್ದ ಎನ್‌ಐಟಿ. 1950ರಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್ ಒಂದೇ ವರ್ಷ ಎರಡನ್ನೂ ಗೆದ್ದಿತು, ಎರಡರ ಫೈನಲ್‌ನಲ್ಲೂ ಸೋಲಿಸಿದ್ದು ಬ್ರಾಡ್ಲಿ ತಂಡವನ್ನೇ. ಈಗ ಒಂದು ತಂಡ ಎರಡರಲ್ಲೂ ಆಡಲು ಅವಕಾಶವೇ ಇಲ್ಲದ ಕಾರಣ, ಈ ದಾಖಲೆ ಯಾರೂ ಸರಿಗಟ್ಟಲಾಗದಂಥದ್ದು.

ಎಂಟಿದ್ದ ತಂಡಗಳ ಸಂಖ್ಯೆ 1951ರಲ್ಲಿ 16 ಆಯಿತು. 1953ರಿಂದ 1974ರವರೆಗೆ 22ರಿಂದ 25ರ ನಡುವೆ ಇತ್ತು. 1975ರಲ್ಲಿ 32ಕ್ಕೆ ಏರಿ, ಅಲ್ಲಿಂದ ಹಂತಹಂತವಾಗಿ ಬೆಳೆದು 1985ರಲ್ಲಿ 64 ಮುಟ್ಟಿತು. 2011ರಿಂದ 68 ತಂಡಗಳು ಆಡುತ್ತಿವೆ. ಈ ಪಟ್ಟಿಯಲ್ಲಿ 1975ರ ಬದಲಾವಣೆಯೇ ಅತಿ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಒಂದು ಕಾನ್ಫರೆನ್ಸ್‌ನಿಂದ, ಅಂದರೆ ಒಟ್ಟಾಗಿ ಲೀಗ್ ಆಡುವ ವಿಶ್ವವಿದ್ಯಾಲಯಗಳ ಒಂದು ಗುಂಪಿನಿಂದ, ಒಂದೇ ತಂಡಕ್ಕೆ ಪ್ರವೇಶವಿತ್ತು. 1971ರಲ್ಲಿ ಯುಎಸ್‌ಸಿ ತಂಡ ಇಡೀ ಋತುವಿನಲ್ಲಿ ಸೋತದ್ದು ಎರಡೇ ಪಂದ್ಯ, ಎರಡೂ ತನ್ನದೇ ಕಾನ್ಫರೆನ್ಸ್‌ನ ಯುಸಿಎಲ್‌ಎ ಎದುರು. ಆದ್ದರಿಂದ ಅದಕ್ಕೆ ಟೂರ್ನಿಯ ಬಾಗಿಲೇ ತೆರೆಯಲಿಲ್ಲ. 1974ರಲ್ಲಿ ಮೇರಿಲ್ಯಾಂಡ್ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಸೋತು ಹೊರಗುಳಿಯಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದೆಂದು ಎಲ್ಲರೂ ಒಪ್ಪಿದ್ದ ತಂಡಕ್ಕೆ ಹೀಗಾದದ್ದು ನಿಯಮ ಬದಲಾವಣೆಯ ಕೂಗಿಗೆ ಬಲ ಕೊಟ್ಟಿತು. ಆ ವರ್ಷ ಪ್ರಶಸ್ತಿ ಗೆದ್ದದ್ದೂ ಅದನ್ನು ಸೋಲಿಸಿದ ನಾರ್ತ್ ಕೆರೊಲಿನಾ ಸ್ಟೇಟ್ ತಂಡವೇ.

ಈಗ ಯುಸಿಎಲ್‌ಎ ವಿಷಯಕ್ಕೆ ಬರೋಣ. ಜಾನ್ ವುಡನ್ ತರಬೇತಿಯಲ್ಲಿ ಆ ತಂಡ 1964, 1965, 1967ರಿಂದ 1973ರವರೆಗೆ ಸತತ ಏಳು ಸಲ, ಕೊನೆಗೆ 1975ರಲ್ಲಿ, ಹೀಗೆ ಒಟ್ಟು ಹತ್ತು ಬಾರಿ ಚಾಂಪಿಯನ್ ಆಯಿತು. 1971ರಿಂದ 1974ರ ಜನವರಿಯವರೆಗೆ ಸತತ 88 ಪಂದ್ಯ ಗೆದ್ದು, ಕೊನೆಗೆ ನಾಟರ್ ಡೇಮ್ ಎದುರು 71–70ರಿಂದ ಸೋತಿತು. ಟೂರ್ನಿಯೊಳಗೇ ಸತತ 38 ಗೆಲುವು ಕಂಡ ಬಳಿಕ, 1974ರ ಸೆಮಿಫೈನಲ್‌ನಲ್ಲಿ ಎರಡು ಹೆಚ್ಚುವರಿ ಅವಧಿಗಳ ಹೋರಾಟದ ನಂತರ 80–77ರಿಂದ ಮಣಿಯಿತು. ವುಡನ್ ನಂತರ ಅತಿ ಹೆಚ್ಚು ಪ್ರಶಸ್ತಿ ಗೆದ್ದ ತರಬೇತುದಾರ ಡ್ಯೂಕ್‌ನ ಮೈಕ್ ಷಷೆವ್‌ಸ್ಕಿ. ಟೂರ್ನಿಯಲ್ಲಿ 101 ಪಂದ್ಯ ಗೆದ್ದು, 13 ಬಾರಿ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಸೆಮಿಫೈನಲ್ ಹಂತ, ತಲುಪಿದರೂ ಅವರ ಪ್ರಶಸ್ತಿಗಳು ಐದು, ವುಡನ್ ಅವರಲ್ಲಿ ಅರ್ಧ.

ಈ ಅಂತರದಲ್ಲಿ ಎಷ್ಟು ಪಾಲು ಪ್ರತಿಭೆಯದು, ಎಷ್ಟು ಪಾಲು ಟೂರ್ನಿಯ ರಚನೆಯದು? 1973ರವರೆಗಿನ ಒಂಬತ್ತೂ ಪ್ರಶಸ್ತಿಗಳಿಗೆ ಯುಸಿಎಲ್‌ಎ ತಲಾ ನಾಲ್ಕು ಪಂದ್ಯ ಗೆದ್ದರೆ ಸಾಕಾಗಿತ್ತು. ಮೊದಲ ಸುತ್ತಿನಿಂದ ಅದಕ್ಕೆ ವಿನಾಯಿತಿ ಇರುತ್ತಿತ್ತು. ಇಂದು ಚಾಂಪಿಯನ್ ಆಗಲು ಆರು ಪಂದ್ಯ ಗೆಲ್ಲಬೇಕು. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 80ರಷ್ಟಿರುವ ಬಲಿಷ್ಠ ತಂಡವೊಂದಿದೆ ಎಂದುಕೊಳ್ಳಿ. ನಾಲ್ಕು ಪಂದ್ಯಗಳ ಟೂರ್ನಿಯನ್ನು ಅದು ಗೆಲ್ಲುವ ಸಾಧ್ಯತೆ ಶೇ 41. ಆರು ಪಂದ್ಯಗಳದ್ದಾದರೆ ಶೇ 26. ತಂಡ ಅದೇ, ಬಲ ಅದೇ, ಆದರೂ ಅವಕಾಶ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು. ಅದರ ಮೇಲೆ, ಅಂದು ತಂಡಗಳನ್ನು ಬಹುಮಟ್ಟಿಗೆ ಭೌಗೋಳಿಕ ವಲಯಕ್ಕೆ ತಕ್ಕಂತೆ ಹಂಚುತ್ತಿದ್ದುದರಿಂದ ಯುಸಿಎಲ್‌ಎ ಫೈನಲ್ ಫೋರ್‌ವರೆಗೆ ಪಶ್ಚಿಮದ ತಂಡಗಳನ್ನಷ್ಟೇ ಎದುರಿಸುತ್ತಿತ್ತು. ಬಲದ ಆಧಾರದ ಮೇಲೆ ಎಲ್ಲ ತಂಡಗಳಿಗೂ ಶ್ರೇಯಾಂಕ ಕೊಡುವ ಪದ್ಧತಿ ಬಂದದ್ದು 1979ರಲ್ಲಿ.

ಹಾಗೆಂದು ಆ ಸಾಧನೆಯನ್ನು ಕಡಿಮೆ ಮಾಡಿ ನೋಡುವವರ ಜತೆ ನಾನಿಲ್ಲ. ಅದೇ ಸುಲಭದ ದಾರಿ ಆ ಕಾಲದ ಇತರ ಬಲಿಷ್ಠ ತಂಡಗಳಿಗೂ ತೆರೆದಿತ್ತು. ಏಳು ವರ್ಷ ಸತತವಾಗಿ ಅದರಲ್ಲಿ ನಡೆದು ತೋರಿಸಿದ್ದು ಒಂದೇ ತಂಡ. ನಿಯಮಗಳು ಅದಕ್ಕೆ ಪ್ರತಿಕೂಲವಾಗಿಯೂ ಇದ್ದವು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ, ಹಾಗಾಗಿ ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್‌ಗೆ ಸಿಕ್ಕಿದ್ದು ಮೂರೇ ಋತು. ಆ ಮೂರರಲ್ಲೂ ತಂಡ ಚಾಂಪಿಯನ್ ಆಯಿತು, ಮೂರರಲ್ಲೂ ಟೂರ್ನಿಯ ಶ್ರೇಷ್ಠ ಆಟಗಾರನ ಗೌರವ ಅವರಿಗೇ ಸಂದಿತು. ಮೂರು ಸಲ ಅದನ್ನು ಪಡೆದವರು ಅವರೊಬ್ಬರೇ. ಅವರ ಎರಡನೇ ಋತುವಿನಿಂದ 1976ರವರೆಗೆ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಡಂಕ್ ಕೂಡ ನಿಷಿದ್ಧವಾಗಿತ್ತು.

ಈ ದಾಖಲೆ ಮುರಿಯಬಹುದೇ ಎಂಬುದಕ್ಕೆ ನಂತರದ ಇತಿಹಾಸವೇ ಉತ್ತರ ಹೇಳುತ್ತದೆ. 1973ರ ಬಳಿಕ ಸತತ ಎರಡು ವರ್ಷ ಗೆದ್ದ ತಂಡಗಳು ಮೂರೇ: 1991 ಮತ್ತು 1992ರಲ್ಲಿ ಡ್ಯೂಕ್, 2006 ಮತ್ತು 2007ರಲ್ಲಿ ಫ್ಲಾರಿಡಾ, 2023 ಮತ್ತು 2024ರಲ್ಲಿ ಯುಕಾನ್, ಅಂದರೆ ಕನೆಕ್ಟಿಕಟ್. ಸತತ ಮೂರು ಯಾರಿಗೂ ಒಲಿದಿಲ್ಲ. ಯುಕಾನ್ ಆ ಎರಡು ವರ್ಷಗಳಲ್ಲಿ ಆಡಿದ 12 ಪಂದ್ಯಗಳನ್ನೂ ಹತ್ತಕ್ಕಿಂತ ಹೆಚ್ಚು ಅಂಕಗಳ ಅಂತರದಿಂದ ಗೆದ್ದಿತು. ಆಧುನಿಕ ಟೂರ್ನಿಯಲ್ಲಿ ನಾನು ಬಲ್ಲಂತೆ ಇಷ್ಟು ಸಂಪೂರ್ಣವಾದ ಮೇಲುಗೈ ಇನ್ನೊಂದಿಲ್ಲ. ಅಂಥ ತಂಡಕ್ಕೂ ಮೂರನೆಯದು ಸಿಗಲಿಲ್ಲ. ಸತತ ಏಳು ಇನ್ನು ಆಗದ ಮಾತು ಎಂದೇ ನಾನು ನಂಬುತ್ತೇನೆ.

ಅಜೇಯ ಚಾಂಪಿಯನ್‌ಗಳ ಕಥೆಯೂ ಹೀಗೆಯೇ ಇದೆ. ಋತುವಿನುದ್ದಕ್ಕೂ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಗೆದ್ದ ನಿದರ್ಶನಗಳು ಏಳು: 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1957ರಲ್ಲಿ ನಾರ್ತ್ ಕೆರೊಲಿನಾ, 1964, 1967, 1972, 1973ರಲ್ಲಿ ಯುಸಿಎಲ್‌ಎ, 1976ರಲ್ಲಿ ಇಂಡಿಯಾನಾ. ಇವುಗಳಲ್ಲಿ 1957ರ ನಾರ್ತ್ ಕೆರೊಲಿನಾ ತಂಡದ ಬಗ್ಗೆ ನನಗೆ ವಿಶೇಷ ಗೌರವ. ಅದು ಸೆಮಿಫೈನಲ್‌ ಗೆದ್ದದ್ದು ಮೂರು ಹೆಚ್ಚುವರಿ ಅವಧಿಗಳ ನಂತರ. ಮರುದಿನವೇ ವಿಲ್ಟ್ ಚೇಂಬರ್ಲಿನ್ ಆಡುತ್ತಿದ್ದ ಕ್ಯಾನ್ಸಸ್ ಎದುರಿನ ಫೈನಲ್ ಅನ್ನೂ ಮತ್ತೆ ಮೂರು ಹೆಚ್ಚುವರಿ ಅವಧಿಗಳ ಬಳಿಕ 54–53ರಿಂದ ಗೆದ್ದಿತು. 1976ರ ನಂತರ ಸೋಲಿಲ್ಲದೆ ಫೈನಲ್ ಫೋರ್‌ಗೆ ಬಂದ ನಾಲ್ಕೂ ತಂಡಗಳು ಅಲ್ಲೇ ಮುಗ್ಗರಿಸಿವೆ. 1979ರ ಫೈನಲ್‌ನಲ್ಲಿ ಲ್ಯಾರಿ ಬರ್ಡ್ ಅವರ ಇಂಡಿಯಾನಾ ಸ್ಟೇಟ್, ಮ್ಯಾಜಿಕ್ ಜಾನ್ಸನ್ ಅವರ ಮಿಷಿಗನ್ ಸ್ಟೇಟ್‌ಗೆ 75–64ರಿಂದ ಶರಣಾಯಿತು. 1991ರಲ್ಲಿ ಯುಎನ್‌ಎಲ್‌ವಿ, 38 ಪಂದ್ಯ ಗೆದ್ದು ಬಂದಿದ್ದ 2015ರ ಕೆಂಟಕಿ, 2021ರಲ್ಲಿ ಗೊಂಜಾಗಾ ತಂಡಗಳಿಗೂ ಕೊನೆಯ ಮೆಟ್ಟಿಲು ಹತ್ತಲಾಗಲಿಲ್ಲ.

ಇಷ್ಟು ನೋಡಿದರೆ ನಿಮ್ಮ ಮಗನ ಸ್ನೇಹಿತರ ಮಾತೇ ಸರಿ ಅನ್ನಿಸಬಹುದು. ಆದರೆ ಶ್ರೇಯಾಂಕಗಳ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಟೂರ್ನಿಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ 1ಕ್ಕೆ 16, 2ಕ್ಕೆ 15 ಎದುರಾಳಿ. 1985ರಿಂದ 2025ರವರೆಗೆ, ಕೊರೊನಾ ಕಾರಣಕ್ಕೆ ರದ್ದಾದ 2020 ಬಿಟ್ಟು, ನಡೆದ 40 ಟೂರ್ನಿಗಳಲ್ಲಿ 26ನ್ನು ಒಂದನೇ ಶ್ರೇಯಾಂಕದ ತಂಡಗಳೇ ಗೆದ್ದಿವೆ. ಎರಡನೇ ಶ್ರೇಯಾಂಕದವು ಐದು, ಮೂರನೆಯವು ನಾಲ್ಕು, ನಾಲ್ಕನೆಯವು ಎರಡು ಗೆದ್ದಿವೆ. ಉಳಿದದ್ದು ಮೂರೇ ಅಪವಾದ: 1988ರಲ್ಲಿ ಆರನೇ ಶ್ರೇಯಾಂಕದ ಕ್ಯಾನ್ಸಸ್, 2014ರಲ್ಲಿ ಏಳನೆಯ ಯುಕಾನ್, 1985ರಲ್ಲಿ ಎಂಟನೆಯ ವಿಲನೋವಾ. ಆರು, ಏಳು, ಎಂಟನೇ ಶ್ರೇಯಾಂಕಕ್ಕೆ ಒಲಿದ ಕಿರೀಟ ಐದನೆಯದಕ್ಕೆ ಇದುವರೆಗೆ ಒಮ್ಮೆಯೂ ದಕ್ಕಿಲ್ಲ ಎಂಬುದು ರಸಪ್ರಶ್ನೆಗಳಲ್ಲಿ ಪದೇಪದೇ ಬರುವ ಸಂಗತಿ. ಎಂಟಕ್ಕಿಂತ ಕೆಳಗಿನ ಶ್ರೇಯಾಂಕದ ಯಾವ ತಂಡವೂ ಈ ಅವಧಿಯಲ್ಲಿ ಫೈನಲ್ ಕೂಡ ಆಡಿಲ್ಲ. ಹನ್ನೊಂದನೇ ಶ್ರೇಯಾಂಕದ ಆರು ತಂಡಗಳು ಫೈನಲ್ ಫೋರ್ ತಲುಪಿ ದೇಶದ ಮನಗೆದ್ದಿವೆ. ಆರೂ ಸೆಮಿಫೈನಲ್‌ನಲ್ಲೇ ಸೋತಿವೆ. 2025ರಲ್ಲಂತೂ 2008ರ ನಂತರ ಎರಡನೇ ಬಾರಿಗೆ ನಾಲ್ಕೂ ಒಂದನೇ ಶ್ರೇಯಾಂಕದ ತಂಡಗಳು ಫೈನಲ್ ಫೋರ್‌ಗೆ ಬಂದವು. ಫ್ಲಾರಿಡಾ 65–63ರಿಂದ ಹ್ಯೂಸ್ಟನ್ ತಂಡವನ್ನು ಸೋಲಿಸಿತು.

ಎಂಟನೇ ಶ್ರೇಯಾಂಕದ ವಿಲನೋವಾ ಗೆದ್ದದ್ದು ಹೇಗೆಂದು ಹತ್ತಿರದಿಂದ ನೋಡುವುದು ಒಳ್ಳೆಯದು. ಹತ್ತು ಸೋಲು ಹೊತ್ತು ಟೂರ್ನಿಗೆ ಬಂದಿದ್ದ ಅದರ ಎದುರಾಳಿ ಹಾಲಿ ಚಾಂಪಿಯನ್, ಪ್ಯಾಟ್ರಿಕ್ ಯೂಯಿಂಗ್ ಇದ್ದ ಜಾರ್ಜ್‌ಟೌನ್. ಅದೇ ಋತುವಿನಲ್ಲಿ ವಿಲನೋವಾ ಅದಕ್ಕೆ ಎರಡು ಸಲ ಸೋತಿತ್ತು. ಫೈನಲ್‌ನಲ್ಲಿ ವಿಲನೋವಾ ಬುಟ್ಟಿಗೆ ಗುರಿಯಿಟ್ಟ 28 ಎಸೆತಗಳಲ್ಲಿ 22 ಒಳಗೆ ಬಿದ್ದವು, ಅಂದರೆ ಶೇ 78.6. ದ್ವಿತೀಯಾರ್ಧದಲ್ಲಿ ಎಸೆದದ್ದು ಹತ್ತು, ತಪ್ಪಿದ್ದು ಒಂದು. ಅಂತಿಮ ಅಂಕ 66–64. ಇಡೀ ಫೈನಲ್‌ನಲ್ಲಿ 28 ಎಸೆತ ಮಾತ್ರ ಹೇಗೆ ಸಾಧ್ಯವೆಂದರೆ, ಆ ಟೂರ್ನಿಯಲ್ಲಿ ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ನಿಗದಿತ ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಗಡಿಯಾರ, ಇರಲಿಲ್ಲ. ಒಳ್ಳೆಯ ಅವಕಾಶ ಸಿಗುವವರೆಗೆ ಚೆಂಡನ್ನು ತಮ್ಮೊಳಗೇ ಸಾಗಿಸುತ್ತ ಕಾಯಬಹುದಿತ್ತು. ಮರುವರ್ಷವೇ 45 ಸೆಕೆಂಡುಗಳ ಶಾಟ್ ಕ್ಲಾಕ್ ಬಂತು, ಅದರ ಮುಂದಿನ ವರ್ಷ ಮೂರು ಅಂಕದ ಗೆರೆ, ಅಂದರೆ ಅದರಾಚೆಯಿಂದ ಎಸೆದು ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ. 64 ತಂಡಗಳ ಮೊದಲ ಟೂರ್ನಿಯೂ ಶಾಟ್ ಕ್ಲಾಕ್ ಇಲ್ಲದ ಕೊನೆಯ ಟೂರ್ನಿಯೂ ಅದೇ ಆಗಿದ್ದುದರಿಂದ, ಅಂಥ ಗೆಲುವಿಗೆ ಕಿಟಕಿ ತೆರೆದದ್ದು ಆ ಒಂದೇ ವರ್ಷ.

ನಿಜವಾದ ಅಚ್ಚರಿಗಳೆಲ್ಲ ಮೊದಲ ವಾರಕ್ಕೆ ಸೇರಿದವು. ಎರಡನೇ ಶ್ರೇಯಾಂಕದ ತಂಡಗಳು 15ನೆಯವುಗಳ ಎದುರು 160ರಲ್ಲಿ 11 ಪಂದ್ಯ ಸೋತಿವೆ. ಅವುಗಳಲ್ಲಿ 2022ರ ಸೇಂಟ್ ಪೀಟರ್ಸ್, ಕೆಂಟಕಿಯನ್ನು ಉರುಳಿಸಿ ಕೊನೆಯ ಎಂಟು ತಂಡಗಳ ಹಂತವಾದ ಎಲೀಟ್ ಎಯ್ಟ್‌ವರೆಗೂ ಹೋಯಿತು. ಒಂದನೇ ಶ್ರೇಯಾಂಕದ ತಂಡಗಳು 16ನೆಯವುಗಳ ಎದುರು ಮೊದಲ 135 ಪಂದ್ಯಗಳನ್ನೂ ಗೆದ್ದಿದ್ದವು. 1989ರಲ್ಲಿ ಜಾರ್ಜ್‌ಟೌನ್ ಪ್ರಿನ್ಸ್‌ಟನ್ ಎದುರು ಪಾರಾದದ್ದು 50–49ರಿಂದ, ಒಂದೇ ಅಂಕದಲ್ಲಿ. ಕೊನೆಗೂ ಆ ಗೋಡೆ ಒಡೆದದ್ದು 2018ರ ಮಾರ್ಚ್ 16ರ ರಾತ್ರಿ, ಷಾರ್ಲಟ್ ನಗರದಲ್ಲಿ. ವರ್ಜೀನಿಯಾ ಇಡೀ ಟೂರ್ನಿಯ ಅಗ್ರ ತಂಡ. ಪಂದ್ಯಕ್ಕೆ ಸುಮಾರು 54 ಅಂಕವನ್ನಷ್ಟೇ ಬಿಟ್ಟುಕೊಡುತ್ತಿದ್ದ ಅದರ ರಕ್ಷಣೆ ದೇಶದಲ್ಲೇ ಅತಿ ಗಟ್ಟಿ. ಎದುರಾಳಿ ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ, ಅದೇ ಜನವರಿಯಲ್ಲಿ ಆಲ್ಬನಿ ಎದುರು 44 ಅಂಕಗಳ ಅಂತರದಿಂದ ಸೋತಿದ್ದ ತಂಡ. ವಿರಾಮದ ಹೊತ್ತಿಗೆ 21–21. ನಂತರದ 20 ನಿಮಿಷಗಳಲ್ಲಿ ಯುಎಂಬಿಸಿ 53 ಅಂಕ ಗಳಿಸಿತು; ವರ್ಜೀನಿಯಾ ಒಂದು ಪೂರ್ಣ ಪಂದ್ಯದಲ್ಲಿ ಬಿಟ್ಟುಕೊಡುತ್ತಿದ್ದಷ್ಟನ್ನು ಅರ್ಧದಲ್ಲೇ. ಜೈರಸ್ ಲೈಲ್ಸ್ ಒಬ್ಬರೇ 28 ಅಂಕ ಗಳಿಸಿದರು, ತಂಡ 74–54ರಿಂದ ಗೆದ್ದಿತು. 2023ರಲ್ಲಿ ಫೇರ್ಲಿ ಡಿಕಿನ್‌ಸನ್ ತಂಡ ಪರ್ಡ್ಯೂವನ್ನು 63–58ರಿಂದ ಸೋಲಿಸಿ ಎರಡನೇ ಉದಾಹರಣೆಯಾಯಿತು. ಒಟ್ಟು ಲೆಕ್ಕ ಈಗ 158ಕ್ಕೆ 2. ಸೋತ ವರ್ಜೀನಿಯಾ ಮರುವರ್ಷವೇ, 2019ರಲ್ಲಿ, ಟೆಕ್ಸಸ್ ಟೆಕ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಮಣಿಸಿ ಮೊದಲ ಬಾರಿ ಚಾಂಪಿಯನ್ ಆದದ್ದನ್ನೂ ಇದರ ಜತೆಗೇ ನೆನೆಯಬೇಕು.

ವೈಯಕ್ತಿಕ ದಾಖಲೆಗಳಿಗೂ ಇದೇ ಎಚ್ಚರಿಕೆ ಬೇಕು. ಟೂರ್ನಿಯಲ್ಲಿ ಒಟ್ಟಾರೆ ಅತಿ ಹೆಚ್ಚು ಅಂಕ ಗಳಿಸಿದವರು ಡ್ಯೂಕ್‌ನ ಕ್ರಿಶ್ಚಿಯನ್ ಲೇಟ್ನರ್, 407. ಆದರೆ ಅದು ನಾಲ್ಕು ವರ್ಷಗಳ 23 ಪಂದ್ಯಗಳಲ್ಲಿ. ನಾಟರ್ ಡೇಮ್‌ನ ಆಸ್ಟಿನ್ ಕಾರ್ ಆಡಿದ್ದು ಏಳೇ ಪಂದ್ಯ, ಗಳಿಸಿದ್ದು 289, ಪಂದ್ಯಕ್ಕೆ 41ಕ್ಕಿಂತ ಹೆಚ್ಚು. 1970ರಲ್ಲಿ ಓಹಾಯೋ ವಿಶ್ವವಿದ್ಯಾಲಯದ ಎದುರು ಅವರು ಗಳಿಸಿದ 61 ಅಂಕ ಇಂದಿಗೂ ಒಂದು ಪಂದ್ಯದ ದಾಖಲೆ, ಅದೂ ಮೂರು ಅಂಕದ ಗೆರೆ ಇಲ್ಲದ ಕಾಲದಲ್ಲಿ. ನನ್ನನ್ನು ಕೇಳಿದರೆ ಇಬ್ಬರಲ್ಲಿ ದೊಡ್ಡ ದಾಖಲೆ ಕಾರ್ ಅವರದು. ಫೈನಲ್ ಪಂದ್ಯವೊಂದರ ಶ್ರೇಷ್ಠ ಆಟ ಯಾವುದೆಂಬ ಬಗ್ಗೆ ಮಾತ್ರ ಹೆಚ್ಚು ವಾದವಿಲ್ಲ: 1973ರಲ್ಲಿ ಮೆಂಫಿಸ್ ಸ್ಟೇಟ್ ಎದುರು ಬಿಲ್ ವಾಲ್ಟನ್ 22 ಎಸೆತಗಳಲ್ಲಿ 21ನ್ನು ಬುಟ್ಟಿಗೆ ಹಾಕಿ 44 ಅಂಕ ಗಳಿಸಿದರು.

ಹಳೆಯ ಪಟ್ಟಿಗಳನ್ನು ಹೋಲಿಸುವಾಗ ಒಂದು ತೊಡಕು ಎದುರಾಗುತ್ತದೆ. ನಿಯಮ ಉಲ್ಲಂಘನೆ ಸಾಬೀತಾದಾಗ ಎನ್‌ಸಿಎಎ ಫಲಿತಾಂಶಗಳನ್ನು ದಾಖಲೆಯಿಂದ ತೆಗೆದುಹಾಕುತ್ತದೆ. 2013ರಲ್ಲಿ ಲೂಯಿವಿಲ್ ಗೆದ್ದ ಪ್ರಶಸ್ತಿ 2018ರಲ್ಲಿ ರದ್ದಾಯಿತು. ಪುರುಷರ ಟೂರ್ನಿಯಲ್ಲಿ ಚಾಂಪಿಯನ್ ಪಟ್ಟವೇ ಅಳಿಸಿಹೋದದ್ದು ಅದೇ ಮೊದಲು. ಮೇಲೆ ಹೇಳಿದ 26ರಲ್ಲಿ ನಾನು ಲೂಯಿವಿಲ್ ಅನ್ನು ಸೇರಿಸಿದ್ದೇನೆ, ಏಕೆಂದರೆ ಅಂಕಣದಲ್ಲಿ ಆ ಪಂದ್ಯಗಳು ನಡೆದದ್ದು ಸುಳ್ಳಲ್ಲ. ಅಧಿಕೃತ ಪಟ್ಟಿಯಲ್ಲಿ ನಿಮಗೆ 25 ಕಾಣಬಹುದು.

ಇನ್ನು ನಿಮ್ಮ ಬ್ರಾಕೆಟ್. ಆರಂಭಿಕ ನಾಲ್ಕು ಅರ್ಹತಾ ಪಂದ್ಯಗಳನ್ನು ಬಿಟ್ಟರೆ ಉಳಿಯುವುದು 63 ಪಂದ್ಯ. ಪ್ರತಿಯೊಂದನ್ನೂ ನಾಣ್ಯ ಚಿಮ್ಮಿ ನಿರ್ಧರಿಸಿದರೆ ಎಲ್ಲವೂ ಸರಿಹೋಗುವ ಸಾಧ್ಯತೆ, 9ರ ಮುಂದೆ 18 ಸೊನ್ನೆ ಇಟ್ಟರೆ ಬರುವ ಸಂಖ್ಯೆಗಿಂತಲೂ ದೊಡ್ಡದರಲ್ಲಿ ಒಂದು. ಆಟ ಬಲ್ಲವರು ನಾಲ್ಕರಲ್ಲಿ ಮೂರನ್ನು ಸರಿಯಾಗಿ ಊಹಿಸುತ್ತಾರೆಂದು ಇಟ್ಟುಕೊಂಡರೂ ಸುಮಾರು 7.4 ಕೋಟಿಯಲ್ಲಿ ಒಂದು. ಎನ್‌ಸಿಎಎ ಗಮನಕ್ಕೆ ಬಂದ ಅತಿ ದೀರ್ಘ ಸರಿಯುತ್ತರ 2019ರದು, ಮೊದಲ 49 ಪಂದ್ಯ. ಆದ್ದರಿಂದ ಪರಿಪೂರ್ಣತೆಯ ಆಸೆ ಬಿಟ್ಟು, ಮೇಲಿನ ಲೆಕ್ಕಗಳನ್ನು ಬಳಸಿಕೊಳ್ಳಿ. ಒಂದನೇ ಶ್ರೇಯಾಂಕದ ನಾಲ್ಕನ್ನೂ ಮೊದಲ ಸುತ್ತು ದಾಟಿಸಿ. 8 ಮತ್ತು 9ರ ನಡುವಿನ ಪಂದ್ಯಗಳು ಹೆಚ್ಚುಕಡಿಮೆ ಸಮಬಲದವು, ಅಲ್ಲಿ ನಿಮಗೆ ಇಷ್ಟವಾದದ್ದನ್ನು ಆರಿಸಿ. 12ನೇ ಶ್ರೇಯಾಂಕದ ತಂಡಗಳು ಐದನೆಯವನ್ನು ಮೂರಕ್ಕೆ ಒಂದು ಸಲಕ್ಕಿಂತ ತುಸು ಹೆಚ್ಚೇ ಸೋಲಿಸುವುದರಿಂದ, ನಾಲ್ಕರಲ್ಲಿ ಒಂದನ್ನಾದರೂ 12ನೆಯದಕ್ಕೆ ಕೊಡಿ.

ಚಾಂಪಿಯನ್ ಆಯ್ಕೆಯಲ್ಲಿ ಮಾತ್ರ ಸಾಹಸ ಬೇಡ. ಮೊದಲ ಮೂರು ಶ್ರೇಯಾಂಕಗಳ ಒಳಗೇ ಆರಿಸಿ, 40ರಲ್ಲಿ 35 ಸಲ ಗೆದ್ದವರು ಅವರೇ. ಹೆಚ್ಚಿನ ಕಚೇರಿ ಸ್ಪರ್ಧೆಗಳಲ್ಲಿ ಪ್ರತಿ ಸುತ್ತಿಗೂ ಅಂಕ ಇಮ್ಮಡಿಯಾಗುತ್ತ ಹೋಗುತ್ತದೆ: ಮೊದಲ ಸುತ್ತಿನ ಪಂದ್ಯಕ್ಕೆ 10 ಇದ್ದರೆ ಫೈನಲ್‌ಗೆ 320. ನಿಮ್ಮ ಮಗನ ಕಚೇರಿಯಲ್ಲೂ ಹಾಗೆಯೇ ಇದೆಯೇ ಎಂದು ಮೊದಲು ಕೇಳಿ. ಇದ್ದರೆ, ಆ ಒಂದು ಹೆಸರು ಸರಿಯಾಗಿ ಬರೆದವರಿಗೆ ಸಿಗುವ ಅಂಕ, ಮೊದಲ ಸುತ್ತಿನ 32 ಪಂದ್ಯಗಳನ್ನೂ ಸರಿಯಾಗಿ ಊಹಿಸಿದವರಿಗೆ ಸಿಗುವಷ್ಟೇ.